ಕೊನೆಯ ಅಧ್ಯಾಯ ತಲುಪಿಸುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಹಿಂಬದಿಯ ಪುಟ್ಟ ಕೋಣೆಯಲ್ಲಿ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಎರಡು ಸಲ ಯೋಚಿಸಿ ಹತ್ತಿಕೊಳ್ಳುತ್ತದೆ. ಸೀಡಿ ಅಕ್ಕ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಬೆರಳ ಸಂದುಗಳನ್ನೂ ಬಿಡದೆ ಒರೆಸಿಕೊಂಡು ಟೇಬಲ್ ಮುಂದೆ ಕೂರುತ್ತಾರೆ. ಎಡಗಡೆ ಹಳೆಯ ಸೀಡಿ ರೈಟರ್. ಅದರ ಬಿಳಿ ಬಣ್ಣ ಹಳದಿಗೆ ತಿರುಗಿ ಕಾಫಿ ಕುಡಿದ ಹಲ್ಲಿನಂತಾಗಿದೆ. ಬಲಗಡೆ ಹೊಸದು. ಕಪ್ಪಗೆ, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತದೆ.

ಹಳೆಯದರ ಗುಂಡಿ ಒತ್ತಿದರೆ ಒಳಗಿನಿಂದ ಗೊರ್ ಎಂಬ ಸದ್ದು ಬರುತ್ತದೆಯೇ ಹೊರತು ಸೀಡಿ ಇಡುವ ತಟ್ಟೆ ಹೊರಗೆ ಬರುವುದಿಲ್ಲ. ಅಕ್ಕ ಹೆಬ್ಬೆರಳನ್ನು ಅದರ ಬಾಯಿಯ ಕೆಳಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಪಕ್ಕಕ್ಕೆ ಮೆಲ್ಲಗೆ ತಟ್ಟುತ್ತಾರೆ, ಹಾಲು ಕುಡಿದ ಮಗುವಿಗೆ ತೇಗು ಬರಿಸುವಂತೆ. ಆಗ ತಟ್ಟೆ ಹೊರಬರುತ್ತದೆ. ಹೊಸದಕ್ಕೆ ಇಂಥ ಉಪಚಾರವೇನೂ ಬೇಡ, ಬೆರಳು ತಾಗಿದರೆ ಸಾಕು. ಎರಡಕ್ಕೂ ಒಂದೊಂದು ಖಾಲಿ ಸೀಡಿ ಉಣಿಸಿ, ಒಂದೇ ಪುಸ್ತಕವನ್ನು ಎರಡರಲ್ಲೂ ಬರೆಯಲು ಬಿಟ್ಟು, ಅಕ್ಕ ನಡುವೆ ಕೈಕಟ್ಟಿ ಕೂರುತ್ತಾರೆ. ಕಣ್ಣು ಒಮ್ಮೆ ಎಡಕ್ಕೆ ಹೋಗುತ್ತದೆ, ಒಮ್ಮೆ ಬಲಕ್ಕೆ.

"ಯಾವುದನ್ನ ನಂಬಬೇಕೋ ಗೊತ್ತಾಗ್ತಿಲ್ಲ. ಹದಿನೈದು ದಿನದಿಂದ ತಲೆ ಕೆಟ್ಟು ಮೊಸರುಗಡಿಗೆ ಆಗಿದೆ" ಎನ್ನುತ್ತಾರೆ, ನಗುವ ಪ್ರಯತ್ನವನ್ನೂ ಮಾಡದೆ.

ಇದು ಕಣ್ಣು ಕಾಣದವರ ಗ್ರಂಥಾಲಯ. ಇಲ್ಲಿ ಪುಸ್ತಕಗಳನ್ನು ಯಾರೋ ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತಾರೆ. ಅದನ್ನು ಸೀಡಿಗೆ ಹಾಕಿ, ಸರಿಯಿದೆಯೇ ಎಂದು ನೋಡಿ, ಲಕೋಟೆಗೆ ತುಂಬಿ ಓದುಗರ, ಅಲ್ಲ, ಕೇಳುಗರ ಮನೆಗೆ ಅಂಚೆಯಲ್ಲಿ ಕಳಿಸುವುದು ಅಕ್ಕನ ಕೆಲಸ. ಕೇಳಿ ಮುಗಿಸಿದವರು ಸೀಡಿ ವಾಪಸ್ ಕಳಿಸಿದರೆ ಮುಂದಿನ ಪುಸ್ತಕ ಹೊರಡುತ್ತದೆ. ಇನ್ನೂರಕ್ಕೂ ಹೆಚ್ಚು ಮನೆಗಳಿವೆ. ದಿನಕ್ಕೆ ಇಪ್ಪತ್ತೈದು, ಮೂವತ್ತು ಸೀಡಿ. ಅಂಚೆಯವನು ಬರುವುದು ಬೆಳಗ್ಗೆ ಬೇಗ, ಅದಕ್ಕೇ ಅಕ್ಕ ಬರುವುದು ಇನ್ನೂ ಬೇಗ. ಅವರ ನಿಜವಾದ ಹೆಸರು ಸಂಬಳದ ಹಾಳೆಯಲ್ಲಿದೆ. ಉಳಿದೆಲ್ಲ ಕಡೆ ಅವರು ಸೀಡಿ ಅಕ್ಕ.

ತೊಂದರೆ ಶುರುವಾಗಿ ಎರಡು ತಿಂಗಳಾಯಿತು. ಕೇಳುಗರಿಂದ ದೂರು ಬರತೊಡಗಿತು: ಪುಸ್ತಕ ಚೆನ್ನಾಗಿಯೇ ಓಡುತ್ತದೆ, ಕೊನೆ ಹತ್ತಿರ ಬಂದಾಗ ತೊದಲುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಕೊಲೆಗಾರ ಸಿಗುವ ಮೊದಲೇ, ಗಂಡ ಹೆಂಡತಿ ರಾಜಿಯಾಗುವ ಮೊದಲೇ, ಹಡಗು ದಡ ಮುಟ್ಟುವ ಮೊದಲೇ. ಹಳೆಯ ರೈಟರ್‌ಗೆ ವಯಸ್ಸಾಯಿತೆಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಗ್ರಂಥಾಲಯ ನಡೆಸುವ ಮೇಡಂ ಹೊಸದನ್ನು ತರಿಸಿದರು. ಹೊಸದರಲ್ಲಿ ಬರೆದ ಸೀಡಿಗಳು ಹೋದವು. ದೂರು ಮತ್ತೆ ಬಂತು. ಅದೇ ಕೊನೆ, ಅದೇ ತೊದಲು.

ಮೇಡಂ ಟೀ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. "ಏನಕ್ಕಾ, ಅತ್ತೆ ಸೊಸೆ ಜಗಳ ಇನ್ನೂ ಮುಗಿದಿಲ್ವಾ?"

ಕಚೇರಿಯಲ್ಲಿ ಈಗ ಎರಡು ರೈಟರ್‌ಗಳಿಗೆ ಇರುವ ಹೆಸರು ಇದೇ.

"ಜಗಳ ಆಡಿದ್ರೆ ಒಬ್ರನ್ನಾದ್ರೂ ಬೈಬಹುದಿತ್ತು ಮೇಡಂ. ಇಬ್ರೂ ಒಂದಾಗಿ ನನ್ನನ್ನೇ ಪೆದ್ದಿ ಮಾಡ್ತಿದ್ದಾರೆ."

"ಶನಿವಾರದೊಳಗೆ ಹೇಳಿಬಿಡಿ. ಅಂಗಡಿಯವನು ಅಲ್ಲೀತನಕ ಮಾತ್ರ ವಾಪಸ್ ತಗೊಳ್ಳೋದು. ಹೊಸದು ಬೇಡ ಅಂದ್ರೆ ಕೊಟ್ಟುಬಿಡೋಣ. ಬೇಕು ಅಂದ್ರೆ ಹಳೇದು ಗುಜರಿಗೆ. ಎರಡೂ ಕೈ ಕೊಟ್ವು ಅಂದ್ರೆ..." ಮೇಡಂ ಮಾತು ಮುಗಿಸದೆ ಟೀ ಕುಡಿಯುತ್ತಾರೆ.

ಮುಗಿಸದ ಮಾತು ಏನೆಂದು ಅಕ್ಕನಿಗೆ ಗೊತ್ತು. ಸೀಡಿಗಳನ್ನೇ ನಿಲ್ಲಿಸಿ ಎಲ್ಲವನ್ನೂ ಫೋನಿಗೆ ಕಳಿಸಿದರೆ ಹೇಗೆ ಎಂಬ ಮಾತು ಆಡಳಿತ ಸಮಿತಿಯಲ್ಲಿ ಎದ್ದಿದೆ. ಚಿಕ್ಕ ವಯಸ್ಸಿನವರು ಆಗಲೇ ಫೋನಿನಲ್ಲಿ ಕೇಳುತ್ತಾರೆ. ಅಕ್ಕನ ಇನ್ನೂರು ಮನೆಗಳಲ್ಲಿ ಇರುವವರು ಬೇರೆ. ಕಣ್ಣು ತಡವಾಗಿ ಹೋದವರು, ಹೊಸ ಯಂತ್ರ ಕಲಿಯಲು ಬೆರಳು ಬಗ್ಗದವರು. ಪ್ಲೇಯರಿನ ಮುಚ್ಚಳ ಮುಚ್ಚಿ ಗುಂಡಿ ಒತ್ತಿದರೆ ಕಥೆ ಬರಬೇಕು, ಅಷ್ಟೇ ಅವರಿಗೆ ಬೇಕಾದದ್ದು.

ಯಂತ್ರ ಬದಲಾದಾಗ ಏನಾಗುತ್ತದೆ ಎಂಬುದು ಅಕ್ಕನಿಗೆ ಹೊಸ ಪಾಠವಲ್ಲ. ಹರೆಯದಲ್ಲಿ ಅವರು ಫೋಟೋ ಲ್ಯಾಬಿನಲ್ಲಿ ಫಿಲ್ಮ್ ತೊಳೆಯುತ್ತಿದ್ದರು. ಕತ್ತಲೆ ಕೋಣೆ, ರಾಸಾಯನಿಕದ ಘಾಟು, ವರ್ಷವಿಡೀ ಒಡೆದ ಕೈ. ಒಂದು ದಿನ ಲ್ಯಾಬಿಗೆ ಹೊಸ ಯಂತ್ರ ಬಂತು. ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದರು, ಅಕ್ಕನೂ ತಟ್ಟಿದರು. ವರ್ಷ ತುಂಬುವುದರೊಳಗೆ ಫಿಲ್ಮಿನ ಕೆಲಸ ಹೋಯಿತು, ಅದರ ಹಿಂದೆಯೇ ಅಕ್ಕನೂ ಹೋದರು. "ಹೊಸದು ಬಂತು ಅಂದ್ರೆ ಆಮೇಲಿಂದ ನಾನು ಚಪ್ಪಾಳೆ ತಟ್ಟಿಲ್ಲ. ಈಗಲೂ ಅಷ್ಟೇ. ಈ ಸೊಸೆ ಮೇಲೆ ನಂಗಿರೋ ಅನುಮಾನ ನಿಜವೋ, ಹಳೇ ಹೆದರಿಕೆಯೋ, ಅದೂ ಗೊತ್ತಾಗ್ತಿಲ್ಲ" ಎನ್ನುತ್ತಾರೆ.

ತೀರ್ಪು ಕೊಡುವವರಿಗೆ ಕೊರತೆಯಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ ಊಟಕ್ಕೆ ಕೂತಾಗಲೇ ಹೇಳಿಬಿಟ್ಟಿದ್ದಾರೆ: "ಬೇರಿಂಗ್ ಹೋಗಿರುತ್ತೆ."

"ಎರಡರದ್ದೂನಾ? ಹೊಸದು ಬಂದು ತಿಂಗಳೂ ಆಗಿಲ್ಲ."

"ಹೊಸದರ ಬೇರಿಂಗೇ ಮೊದಲು ಹೋಗೋದು ಕಣೆ. ಈಗಿನ ಮಾಲು ನಿಂಗೇನು ಗೊತ್ತು?"

"ನಿಮಗೆ ಹೊಟ್ಟೆನೋವು ಬಂದ್ರೂ ಬೇರಿಂಗೇ ಹೋಗಿರುತ್ತೆ, ಬಿಡಿ."

ಅಂಗಡಿಯವನು ಖಾಲಿ ಸೀಡಿಗಳು ಕಳಪೆ ಎಂದ. ಬೇರೆ ಕಂಪನಿಯ ಸೀಡಿ ತಂದದ್ದಾಯಿತು, ಅವೂ ನಿಂತವು. ಪುಸ್ತಕ ಓದುವ ನಿವೃತ್ತ ಮೇಷ್ಟ್ರು ಸಂಕೋಚದಿಂದ ಕೇಳಿದರು: "ಕೊನೇ ಅಧ್ಯಾಯ ಬಂದಾಗ ನಾನು ಸ್ವಲ್ಪ ಬೇಗ ಓದ್ತೀನಮ್ಮ. ಅದಕ್ಕೇನಾದ್ರೂ ಇರಬಹುದಾ?" ಅಕ್ಕ ಅವರನ್ನು ಸಮಾಧಾನ ಮಾಡಿ ಕಳಿಸಬೇಕಾಯಿತು. ಆ ಸಂಜೆ ಮಾತ್ರ ಬಸ್ಸಿನಲ್ಲಿ ಕೂತು, ಇದ್ದರೂ ಇರಬಹುದೇ ಎಂದು ತಾವೇ ಯೋಚಿಸಿದರಂತೆ.

ಗೋಜಲು ಬಿಡಿಸಲು ಒಂದೇ ಒಂದು ಎಳೆ ಇತ್ತು: ನಿಲ್ಲುವುದು ದಪ್ಪ ಪುಸ್ತಕಗಳು ಮಾತ್ರ. ಸೀಡಿಯ ಮೇಲೆ ಬರೆಯುವುದು ನಡುವಿನ ತೂತಿನ ಬಳಿಯಿಂದ ಅಂಚಿನ ಕಡೆಗೆ. ಸಣ್ಣ ಪುಸ್ತಕವಾದರೆ ಅಂಚು ಖಾಲಿ ಉಳಿಯುತ್ತದೆ. ದಪ್ಪ ಪುಸ್ತಕದ ಕೊನೆಯ ಅಧ್ಯಾಯಗಳು ಮಾತ್ರ ಅಂಚಿನವರೆಗೂ ಹೋಗಿ ಕೂರುತ್ತವೆ. ಎಂದರೆ ಕೆಡುತ್ತಿರುವುದು ಅಂಚು. ಎರಡು ರೈಟರ್‌ಗಳೂ ಅಂಚಿಗೆ ಬಂದಾಗ ಒಂದೇ ರೀತಿ ಏಕೆ ಎಡವುತ್ತವೆ? ಅದಕ್ಕಿಂತ ತಲೆ ಕೆಡಿಸುವ ಮಾತೆಂದರೆ, ಇದೇ ಟೇಬಲ್ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿ ಓಡುತ್ತವೆ. ವಾಪಸ್ ಬಂದ ಕೆಟ್ಟ ಸೀಡಿಗಳನ್ನು ಒರೆಸಿ ಹಾಕಿದರೂ ಓಡುತ್ತವೆ. "ಇಲ್ಲಿ ಅಚ್ಚುಕಟ್ಟಾಗಿ ಮಾತಾಡ್ತಾವೆ, ಅವರ ಮನೆಗೆ ಹೋದ ತಕ್ಷಣ ಬಾಯಿ ಬಿದ್ದು ಹೋಗುತ್ತೆ. ನಾನು ಸುಳ್ಳು ಹೇಳ್ತೀನೋ ಅವರು ಹೇಳ್ತಾರೋ?"

ಶುಕ್ರವಾರ ಅಕ್ಕ ತಾವೇ ಹೊರಡುತ್ತಾರೆ. ಚೀಲದಲ್ಲಿ ಎರಡು ಸೀಡಿ. ಒಂದು ಅತ್ತೆ ಬರೆದದ್ದು, ಇನ್ನೊಂದು ಸೊಸೆ ಬರೆದದ್ದು. ಎರಡರಲ್ಲೂ ಒಂದೇ ಕಾದಂಬರಿ. ದೀಪಸ್ತಂಭದ ಕಾವಲುಗಾರ ಸಾಯುತ್ತಾನೆ, ಕೊಂದವರು ಯಾರೆಂದು ತಿಳಿಯುವುದು ಕೊನೆಯ ಅಧ್ಯಾಯದಲ್ಲಿ. ಹೊರಟಿರುವುದು ಕುರ್ಚಿ ಅಣ್ಣನ ಮನೆಗೆ. ಬೆತ್ತದ ಕುರ್ಚಿ ಹೆಣೆಯುವ ಇವರು ಅತಿ ಹೆಚ್ಚು ದೂರು ಕೊಟ್ಟ ಕೇಳುಗ. ಆ ಕಾವಲುಗಾರನ ಸಾವಿನ ಬಳಿ ಮೂರು ವಾರದಿಂದ ಸಿಕ್ಕಿಬಿದ್ದಿರುವವರೂ ಇವರೇ.

ಬೀದಿಗೆ ತೆರೆದ ಒಂದೇ ಕೋಣೆ. ಗೋಡೆಗೆ ತಳವಿಲ್ಲದ ಕುರ್ಚಿಗಳು ತೂಗುತ್ತಿವೆ. ನೀರಿನಲ್ಲಿ ನೆನೆದ ಬೆತ್ತ ಬಕೆಟ್ಟಿನಿಂದ ಇಣುಕುತ್ತದೆ. ಅಣ್ಣ ನೆಲದ ಮೇಲೆ ಕೂತು, ಕುರ್ಚಿಯನ್ನು ತೊಡೆಗೆ ಒರಗಿಸಿಕೊಂಡು, ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಾರೆ. ಪಕ್ಕದಲ್ಲಿ ಮೇಲಿನಿಂದ ಮುಚ್ಚಳ ತೆರೆಯುವ ಚಪ್ಪಟೆ ಸೀಡಿ ಪ್ಲೇಯರ್, ಅದರ ಮೇಲೆ ಬೆತ್ತದ ಸಿಪ್ಪೆ.

"ಯಾರು, ಸೀಡಿ ಅಕ್ಕಾನಾ? ಕೊನೆಗೂ ಅರ್ಧ ಕಥೆ ಕೊಡೋರು ಕಣ್ಣಿಗೆ ಬಿದ್ರಿ!" ಎನ್ನುತ್ತಾರೆ. ಅವರ ತಮಾಷೆ ಹೀಗೆಯೇ.

ಒಳಗಿನಿಂದ ತಂಗಿ ಹೊರಬರುತ್ತಾರೆ. ಅಣ್ಣನಿಗೆ ಬೆತ್ತ ಸೀಳಿ ಕೊಡುವುದು, ಗಿರಾಕಿಗಳೊಡನೆ ಗಟ್ಟಿಯಾಗಿ ಮಾತಾಡುವುದು ಇವರ ಪಾಲು. "ಕೂತ್ಕೊಳ್ಳಿ ಅಕ್ಕ. ಆ ಕಾವಲುಗಾರನ್ನ ಕೊಂದೋರು ಯಾರು ಅಂತ ಹೇಳಿ ಪುಣ್ಯ ಕಟ್ಕೊಳ್ಳಿ. ದಿನಾ ಒಬ್ಬೊಬ್ರ ಮೇಲೆ ಅನುಮಾನ ಇವನಿಗೆ. ನಿನ್ನೆ ನನ್ನ ಮೇಲೂ ಬಂದಿತ್ತು."

"ಹೇಳಬಾರದು! ಕೇಳೇ ತಿಳ್ಕೋತೀನಿ" ಎಂದು ಅಣ್ಣ ಕೈ ಅಡ್ಡ ಹಿಡಿಯುತ್ತಾರೆ.

ಅತ್ತೆ ಬರೆದ ಸೀಡಿಯನ್ನು ಹಾಕಿ ಕೊನೆಯ ಅಧ್ಯಾಯಕ್ಕೆ ಓಡಿಸಿದ್ದಾಯಿತು. ಮೇಷ್ಟ್ರ ದನಿ ಎರಡು ಸಾಲು ಓದಿ, ಬಿಕ್ಕಿ, ನಿಂತಿತು. ಸೊಸೆ ಬರೆದದ್ದನ್ನು ಹಾಕಿದರು. ಅದೂ ಅಲ್ಲೇ, ಅದೇ ಬಿಕ್ಕು. ಅಕ್ಕ ಮುಚ್ಚಳ ತೆರೆದು ಸೀಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಬೆಳಗ್ಗೆ ಇವೇ ಎರಡು ಸೀಡಿಗಳನ್ನು ಟೇಬಲ್ ಮೇಲೆ ಕೊನೆಯವರೆಗೆ ಕೇಳಿ, ಆಮೇಲೆ ಮೆತ್ತೆ ಅಂಟಿಸಿ ಚೀಲಕ್ಕೆ ಹಾಕಿಕೊಂಡಿದ್ದರು.

ಈ ಮೆತ್ತೆಯ ವಿಷಯ ಇಲ್ಲಿ ಹೇಳಬೇಕು. ಕೇಳುಗರು ಸೀಡಿಯ ಮೇಲ್ಮೈ ಯಾವುದು, ಅದು ಕಥೆಯದೋ ಜೀವನಚರಿತ್ರೆಯದೋ ಎಂದು ಬೆರಳಿನಿಂದಲೇ ಗುರುತಿಸಬೇಕು. ಮೊದಲೆಲ್ಲ ಅಕ್ಕ ನಡುವಿನ ತೂತಿನ ಬಳಿ ಕಡಲೆಕಾಳಿಗಿಂತ ಚಿಕ್ಕ ಉಬ್ಬು ಚುಕ್ಕಿ ಅಂಟಿಸುತ್ತಿದ್ದರು. ಬೆತ್ತ ಎಳೆದೆಳೆದು ಬೆರಳ ತುದಿ ಗಟ್ಟಿಯಾದ ಕುರ್ಚಿ ಅಣ್ಣನಿಗೆ ಆ ಚುಕ್ಕಿ ಸಿಗುತ್ತಿರಲಿಲ್ಲ. ಎರಡೂವರೆ ತಿಂಗಳ ಹಿಂದೆ ಅವರು ತಮ್ಮಲ್ಲಿದ್ದ, ನೆಲ ಗೀರದಂತೆ ಕುರ್ಚಿ ಕಾಲಿಗೆ ಅಂಟಿಸುವ ದುಂಡು ಮೆತ್ತೆಗಳ ಪೊಟ್ಟಣವನ್ನೇ ಕಳಿಸಿಕೊಟ್ಟರು: ಇದನ್ನು ಅಂಚಿಗೆ ಹಾಕಿ, ಕೈಗೆ ತಟ್ಟನೆ ಸಿಗುತ್ತದೆ. ಅಕ್ಕನಿಗೆ ಬಹಳ ಇಷ್ಟವಾಯಿತು. ಅಣ್ಣನೊಬ್ಬರಿಗೇಕೆ, ಎಲ್ಲರಿಗೂ ಆಗಲಿ ಎಂದು ಅಂದಿನಿಂದ ಹೊರಡುವ ಸೀಡಿಗಳಿಗೆಲ್ಲ ಅಂಚಿನಲ್ಲಿ ಮೆತ್ತೆ ಬಿತ್ತು. ವಾಪಸ್ ಬಂದವುಗಳ ಮೆತ್ತೆ ಮಾಸಿರುತ್ತದೆ. ಆದ್ದರಿಂದ ಮೊದಲು ಅದನ್ನು ಕಿತ್ತು, ಸೀಡಿ ಒರೆಸಿ, ಆಮೇಲೆ ಪರೀಕ್ಷೆ.

ಈಗಲೂ ಅಕ್ಕನ ಕೈ ಅಭ್ಯಾಸ ಬಿಡುವುದಿಲ್ಲ. ಸೊಸೆ ಬರೆದ ಸೀಡಿಯ ಮೆತ್ತೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಒರೆಸಿ, ಮತ್ತೆ ಹಾಕುತ್ತಾರೆ. ಮೇಷ್ಟ್ರ ದನಿ ಎರಡು ಸಾಲು ದಾಟಿತು. ಮೂರನೆಯದು, ನಾಲ್ಕನೆಯದು. ಅಣ್ಣ ಬಾಯಿಯಿಂದ ಬೆತ್ತ ತೆಗೆದರು.

"ಧೂಳಿತ್ತು ಅನ್ಸುತ್ತೆ" ಎಂದರು ಅಕ್ಕ, ನಂಬಿಕೆಯಿಲ್ಲದ ದನಿಯಲ್ಲಿ. ಅತ್ತೆ ಬರೆದದ್ದನ್ನು ಎತ್ತಿಕೊಂಡು, ಮೆತ್ತೆ ಮುಟ್ಟದೆ ಬರೀ ಒರೆಸಿ ಹಾಕಿದರು. ನಿಂತಿತು. ಹೊರಗೆ ತೆಗೆದು ಮೆತ್ತೆ ಕಿತ್ತು ಹಾಕಿದರು. ಓಡಿತು.

ತಂಗಿ ಬಗ್ಗಿ, ಅಕ್ಕನ ಉಗುರಿಗೆ ಅಂಟಿಕೊಂಡಿದ್ದ ಮೆತ್ತೆಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು. "ಅಯ್ಯೋ ಅಣ್ಣಾ! ಇದು ನಿನ್ನ ಕುರ್ಚಿ ಕಾಲಿನದ್ದಲ್ವಾ? ಗರಗರ ತಿರುಗೋ ವಸ್ತುವಿನ ಒಂದು ಪಕ್ಕಕ್ಕೆ ಭಾರ ಕಟ್ಟಿದ್ರೆ ಅದು ತೂರಾಡದೆ ಇನ್ನೇನು ಮಾಡುತ್ತೆ? ಊರಿನೋರ ಕಥೆಗೆಲ್ಲ ಕಾಲು ಕಟ್ಟಿಹಾಕಿದ್ಯಲ್ಲೋ!"

"ನಾನು ಹೇಳಿದ್ದು ನನ್ನ ಸೀಡಿಗೆ. ಊರಿಗೆಲ್ಲ ಹಚ್ಚಿ ಅಂದಿದ್ನಾ?" ಎಂದು ಅಣ್ಣ ಗೊಣಗುತ್ತಾರೆ.

ಅಕ್ಕನಿಗೆ ನಗು ಬರಲಿಲ್ಲ. ಎರಡು ತಿಂಗಳು ತಾವು ಪರೀಕ್ಷೆ ಮಾಡುತ್ತಿದ್ದದ್ದು ಮೆತ್ತೆ ಅಂಟಿಸುವ ಮೊದಲು, ಇಲ್ಲವೇ ಕಿತ್ತ ಮೇಲೆ. ತಪ್ಪನ್ನು ಕೈಯಾರೆ ತೆಗೆದಿಟ್ಟು ತಪ್ಪೆಲ್ಲಿ ಎಂದು ಹುಡುಕಿದ್ದರು. ತೂರಾಟ ಜೋರಾಗುವುದು ಅಂಚಿನಲ್ಲಿ, ದಪ್ಪ ಪುಸ್ತಕದ ಕೊನೆ ಕೂತಿರುವ ಕಡೆ. ಕೆಲವರ ಪ್ಲೇಯರ್ ಅದನ್ನು ತಡೆದುಕೊಂಡಿತು, ಕೆಲವರದು ಇಲ್ಲ. ಅವರು ಪ್ಲೇಯರ್ ಆರಿಸಿ ಎರಡೂ ಸೀಡಿಗಳನ್ನು ಚೀಲಕ್ಕೆ ಹಾಕಿಕೊಂಡರು.

"ಅಕ್ಕಾ, ಅಕ್ಕಾ! ಒಂದೇ ಅಧ್ಯಾಯ!"

"ಇದರ ಮೇಲೆ ಅಂಟು ಉಳಿದಿದೆ ಅಣ್ಣ. ನಿಮ್ಮ ಮಿಷನ್ ಒಳಗೆ ಮೆತ್ತಿಕೊಂಡ್ರೆ ಅದೂ ಹೋಗುತ್ತೆ. ಬೇರೆ ಕಳಿಸ್ತೀನಿ."

"ಮನುಷ್ಯತ್ವ ಬೇಡ್ವಾ ನಿಮಗೆ?"

ಶನಿವಾರ. ಸುದ್ದಿ ಕೇಳಿದ ಮೇಡಂ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ದೂರಿಗೆ ಕಾರಣ ಸಿಕ್ಕಿತು, ಸಮಿತಿಗೆ ಹೇಳಲು ಉತ್ತರವೂ ಸಿಕ್ಕಿತು. ಸೀಡಿ ನಿಲ್ಲಿಸುವ ಮಾತನ್ನು ಸದ್ಯಕ್ಕೆ ಯಾರೂ ಎತ್ತುವುದಿಲ್ಲ. ಮೆತ್ತೆ ಇನ್ನು ಮುಂದೆ ಸೀಡಿಗಲ್ಲ, ಅದರ ಕವರಿಗೆ. "ಹಾಗಾದ್ರೆ ಅತ್ತೆ ನಿರಪರಾಧಿ. ಹೊಸದನ್ನ ಅಂಗಡಿಗೆ ಕಳಿಸಿಬಿಡ್ಲಾ?" ಎಂದು ಕೇಳಿದ ಮೇಡಂಗೆ, ಅಕ್ಕ ಹೂಂ ಎನ್ನುತ್ತಾರೆ ಎಂಬ ಖಾತರಿಯಿತ್ತು.

ಅಕ್ಕ ಹೂಂ ಎನ್ನಲಿಲ್ಲ. ಮಧ್ಯಾಹ್ನದವರೆಗೆ ಸಮಯ ಕೇಳಿ ಎರಡು ಯಂತ್ರಗಳ ನಡುವೆ ಮತ್ತೆ ಹೋಗಿ ಕೂತರು. ತಪ್ಪು ಯಾವುದಾದರೂ ಒಂದರದಾಗಿದ್ದರೆ ಕೆಲಸ ಸುಲಭವಿತ್ತು. ಈಗ ಎರಡೂ ಸರಿ, ಆದರೆ ಎರಡನ್ನೂ ಇಟ್ಟುಕೊಳ್ಳಲು ಸಮಿತಿ ಒಪ್ಪುವುದಿಲ್ಲ. ಸರಿಯಿರುವ ಎರಡರಲ್ಲಿ ಒಂದನ್ನು ಯಾವ ಮುಖದಿಂದ ಹೊರಗೆ ಕಳಿಸುವುದು? ಹಳೆಯದು ಹತ್ತು ವರ್ಷ ದುಡಿದಿದೆ, ಸುಮ್ಮನೆ ಬೈಗುಳ ತಿಂದಿದೆ. ಹೊಸದು ಬೇಗ ಮುಗಿಸುತ್ತದೆ, ಆದರೆ ಸದ್ದೇ ಮಾಡುವುದಿಲ್ಲ. ಮುಗಿಯಿತೋ ಇಲ್ಲವೋ ಎಂದು ಎದ್ದೆದ್ದು ನೋಡಬೇಕು. ಅಕ್ಕ ಒಮ್ಮೆ ಹಳೆಯದರ ತಂತಿ ಕಿತ್ತರು, ಮತ್ತೆ ಸಿಕ್ಕಿಸಿದರು. ಹೊಸದರ ಡಬ್ಬಿ ತಂದು ಟೇಬಲ್ ಮೇಲಿಟ್ಟರು, ಆಮೇಲೆ ಕೆಳಗಿಟ್ಟರು. ಗಂಡನಿಗೆ ಫೋನ್ ಮಾಡಿದರು.

"ಯಾವುದಾದ್ರೂ ಇಟ್ಕೊ. ಹೋಗೋದರ ಸ್ಕ್ರೂಗಳನ್ನ ಮಾತ್ರ ನಂಗೆ ಬಿಚ್ಚಿಕೊಂಡು ಬಾ" ಎಂದು ಗಂಡ ಫೋನ್ ಇಟ್ಟರು.

ಕೊನೆಗೆ ಅವರನ್ನು ಒಂದು ಕಡೆ ತಳ್ಳಿದ್ದು ಕಳೆದ ಚಳಿಗಾಲದ ಒಂದು ಜ್ವರ. ಅಕ್ಕ ನಾಲ್ಕು ದಿನ ಮಲಗಿದ್ದರು. ಹಾಸಿಗೆಯಿಂದಲೇ ಫೋನಿನಲ್ಲಿ ಹೇಳಿಕೊಟ್ಟರೂ ಹಳೆಯ ರೈಟರ್ ಮೇಡಂ ಕೈಗೆ ಬಾಯಿ ತೆರೆಯಲಿಲ್ಲ. ಹೆಬ್ಬೆರಳು ಎಲ್ಲಿ ಕೊಡಬೇಕು, ಎಷ್ಟು ಮೆಲ್ಲಗೆ ತಟ್ಟಬೇಕು ಎಂಬುದು ಬಾಯಲ್ಲಿ ಹೇಳಿದರೆ ಬರುವಂಥದ್ದಲ್ಲ. ಆ ನಾಲ್ಕು ದಿನ ಒಂದು ಮನೆಗೂ ಪುಸ್ತಕ ಹೋಗಲಿಲ್ಲ.

"ನಾನು ಒಳಗೊಳಗೇ ಖುಷಿಪಟ್ಟಿದ್ದೆ, ನಾನಿಲ್ದೆ ನಡೆಯಲ್ಲ ಅಂತ. ಲ್ಯಾಬಿನಿಂದ ಒಂದು ಸಲ ಹೊರಗೆ ಬಿದ್ದವಳಲ್ವಾ, ಆ ಖುಷಿ ಬೇಕಿತ್ತು. ಆದ್ರೆ ನಾನು ಮಲಗಿದ್ರೆ ಕೇಳೋರೆಲ್ಲ ಕಥೆ ಇಲ್ದೆ ಕೂರಬೇಕು ಅಂದ್ರೆ ಅದೇನು ಚೆಂದ? ಹೊಸದನ್ನ ಯಾರು ಬೇಕಾದ್ರೂ ನಡೆಸಬಹುದು" ಎನ್ನುತ್ತಾರೆ. "ಸರಿ ಮಾಡಿದ್ನೋ ಇಲ್ವೋ ಕೇಳಬೇಡಿ. ಇವತ್ತಿಗೂ ಗೊತ್ತಿಲ್ಲ" ಎಂದು ಸೇರಿಸುತ್ತಾರೆ.

ಹೊಸದು ಉಳಿಯಿತು. ಹಳೆಯದನ್ನು ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋದ. ಆ ಹೊತ್ತಿಗೆ ಅಕ್ಕನಿಗೆ ಅಂಚೆ ಡಬ್ಬಿಯ ಬಳಿ ಏನೋ ಕೆಲಸವಿತ್ತಂತೆ. ಸ್ಕ್ರೂ ಬಿಚ್ಚಲು ಮರೆತುಹೋಯಿತು ಎಂದು ಗಂಡನಿಗೆ ಹೇಳಿದ್ದಾರೆ. ಕೋಣೆ ಈಗ ಎಷ್ಟು ನಿಶ್ಶಬ್ದವೆಂದರೆ, ಕೆಲಸ ನಿಂತಿದೆಯೇನೋ ಎಂದು ಅವರು ಆಗಾಗ ಬೆಚ್ಚಿ ಎದ್ದು ನೋಡುತ್ತಾರೆ. ಕೆಲಸ ನಡೆದೇ ಇರುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ಸಂಬಳ, ದೊಡ್ಡ ಕೋಣೆ, ಸನ್ಮಾನ ಯಾವುದೂ ಬಾಯಿಗೆ ಬರುವುದಿಲ್ಲ. "ಮುಂದಿನ ಸಲ ಜ್ವರ ಬಂದ್ರೆ ಫೋನ್ ಆರಿಸಿ ಮಲಗಬೇಕು. ಎದ್ದು ಬಂದಾಗ ಪುಸ್ತಕ ಎಲ್ಲ ಹೋಗಿರಬೇಕು. ಅಷ್ಟೇ."

ಮಾತು ಇಷ್ಟಕ್ಕೆ ಬರುವಾಗ ಟೇಬಲ್ ಮೇಲಿನ ಫೋನ್ ಬಡಿದುಕೊಳ್ಳುತ್ತದೆ. ಎತ್ತಿದ ಅಕ್ಕ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿಯುತ್ತಾರೆ. ಅಷ್ಟು ದೂರದಿಂದಲೂ ಕುರ್ಚಿ ಅಣ್ಣನ ದನಿ ಕೋಣೆಗೆಲ್ಲ ಕೇಳುತ್ತದೆ. ಹೊಸ ಸೀಡಿ ನಿನ್ನೆ ಕೈ ಸೇರಿದೆ. ಒಂದು ಕಡೆಯೂ ನಿಲ್ಲದೆ ಓಡಿದೆ. ಕೊಲೆಗಾರ ಸಿಕ್ಕಿದ್ದಾನೆ.

"ಇದಕ್ಕಾ ಅಕ್ಕ ನಾನು ಇಷ್ಟು ದಿನ ಕಾದಿದ್ದು? ಆ ದೋಣಿಯವನಾ? ಅವನು ಇಡೀ ಕಥೇಲಿ ಒಂದು ಸಲ ಬರ್ತಾನೆ! ಇದೂ ಒಂದು ಕೊನೆಯಾ? ಇದಕ್ಕಿಂತ ನಿಂತುಹೋಗಿದ್ರೇ ಚೆನ್ನಾಗಿತ್ತು!"

ಅಕ್ಕ ಹೊಸ ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಸೀಡಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಾ ಹೇಳುತ್ತಾರೆ: "ಅದು ಬರೆದವರ ತಪ್ಪು ಅಣ್ಣ. ನಾನು ಪೂರ್ತಿ ತಲುಪಿಸಿದ್ದೀನಿ."